ಪಾಲನ್ನು ಅಣ್ಣನ ಕೈಗಿತ್ತು ಹೊರಟ ತಮ್ಮ: ಬಾಡೆನ್‌ನ ಪುನೀತ ಬರ್ನಾರ್ಡರು

ಲೂಕನ ಶುಭಸಂದೇಶದ ಹನ್ನೆರಡನೆಯ ಅಧ್ಯಾಯದಲ್ಲಿ ಒಬ್ಬ ಮನುಷ್ಯ ಜನರ ಗುಂಪಿನ ನಡುವಿನಿಂದ ಪ್ರಭು ಯೇಸುವಿನ ಮುಂದೆ ಒಂದು ಅಹವಾಲು ಇಡುತ್ತಾನೆ. ಪಿತ್ರಾರ್ಜಿತ ಆಸ್ತಿಯಲ್ಲಿ ತನ್ನ ಪಾಲನ್ನು ಕೊಡುವಂತೆ ತನ್ನ ಸಹೋದರನಿಗೆ ಬುದ್ಧಿ ಹೇಳಬೇಕೆಂಬುದೇ ಆ ಅಹವಾಲು. ಯೇಸು ಆ ಪಂಚಾಯಿತಿಗೆ ಕೂರಲಿಲ್ಲ. ಹಾಗೆಂದು ಆ ಮನುಷ್ಯನಿಗೆ ಹಕ್ಕಿಲ್ಲವೆಂದೂ ಹೇಳಲಿಲ್ಲ. ಲೋಭದ ವಿಷಯದಲ್ಲಿ ಎಚ್ಚರಿಕೆಯಿಂದಿರಲು ಹೇಳಿ, ಹಳೆಯ ಕಣಜ ಕೆಡವಿ ಹೊಸದು ಕಟ್ಟಲು ಹೊರಟ ಶ್ರೀಮಂತನ ಸಾಮತಿಯನ್ನು ವಿವರಿಸಿದರು.

ಅದೇ ಶುಭಸಂದೇಶದ ಹದಿನೈದನೆಯ ಅಧ್ಯಾಯಕ್ಕೆ ಬಂದರೆ ಅಲ್ಲಿಯೂ ಒಂದು ಪಾಲಿನ ಮಾತು. ತಂದೆ ಬದುಕಿರುವಾಗಲೇ ಕಿರಿಯ ಮಗ ತನ್ನ ಪಾಲು ಕೇಳಿ ಪಡೆದು ದೂರದೇಶಕ್ಕೆ ಹೊರಟುಹೋಗುತ್ತಾನೆ. ಈ ದುಂದುಗಾರ ಮಗನ ಕಥೆ ನಮ್ಮ ಮಕ್ಕಳಿಗೂ ಬಾಯಿಪಾಠ. ಈ ವಾರ ನಿಮಗೆ ಪರಿಚಯಿಸಲಿರುವುದು ಇನ್ನೊಬ್ಬ ಕಿರಿಯ ಮಗನನ್ನು. ಇವರಿಗೂ ಪಾಲು ಬಂತು, ಇವರೂ ಮನೆಬಿಟ್ಟು ದೂರದೇಶಕ್ಕೆ ಹೋದರು. ಆದರೆ ಹೋಗುವಾಗ ಪಾಲನ್ನು ಅಣ್ಣನ ಕೈಯಲ್ಲಿಟ್ಟು ಹೋದರು. ತಿರುಗಿ ಬರಲಿಲ್ಲ. ಮೂವತ್ತರ ಹೊಸ್ತಿಲಿನಲ್ಲಿ, ತಮ್ಮವರೆನ್ನುವವರು ಇಲ್ಲದ ಊರಿನಲ್ಲಿ, ಪ್ಲೇಗಿಗೆ ತುತ್ತಾದರು. ಅವರೇ ಜರ್ಮನಿಯ ಬಾಡೆನ್ ರಾಜವಂಶದ ಪುನೀತ ಬರ್ನಾರ್ಡರು.

ಮನೆತನ

ಜರ್ಮನಿಯ ನೈಋತ್ಯ ಮೂಲೆಯಲ್ಲಿ, ರೈನ್ ನದಿಗೂ ಕಪ್ಪುಕಾಡು ಎಂದು ಹೆಸರಾದ ಬೆಟ್ಟಸೀಮೆಗೂ ನಡುವೆ ಬಾಡೆನ್ ಎಂಬ ನಾಡಿದೆ. ಅಲ್ಲಿಯ ಒಡೆಯರನ್ನು ಮಾರ್ಕ್‌ಗ್ರಾಫ್ ಎಂದು ಕರೆಯುತ್ತಿದ್ದರು. ಗಡಿನಾಡಿನ ಅಧಿಪತಿ ಎಂಬುದು ಆ ಬಿರುದಿನ ಮೂಲ ಅರ್ಥ. ಬಿಸಿನೀರಿನ ಬುಗ್ಗೆಗಳಿಗಾಗಿ ರೋಮನರ ಕಾಲದಿಂದಲೂ ಪ್ರಸಿದ್ಧವಾದ ಬಾಡೆನ್-ಬಾಡೆನ್ ಊರಿನ ಮೇಲಿನ ಬೆಟ್ಟದಲ್ಲಿ ಅವರ ಕೋಟೆಯಿತ್ತು. ಇಂದು ಅದು ಪಾಳುಬಿದ್ದ ಗೋಡೆಗಳ ರಾಶಿ. ಆ ಕೋಟೆಯಲ್ಲಿ 1428ರ ಕೊನೆಗೋ 1429ರ ಆರಂಭಕ್ಕೋ ಮಾರ್ಕ್‌ಗ್ರಾಫ್ ಮೊದಲನೆಯ ಯಾಕೋಬ್ ಮತ್ತು ಲೊರೇನ್ ಸೀಮೆಯ ಕ್ಯಾಥರಿನ್ ದಂಪತಿಗಳ ಎರಡನೆಯ ಮಗನಾಗಿ ಬರ್ನಾರ್ಡರು ಹುಟ್ಟಿದರು. ಅಜ್ಜನ ಹೆಸರನ್ನೇ ಮೊಮ್ಮಗನಿಗೆ ಇಟ್ಟರು.

ತಂದೆ ಯಾಕೋಬ್ ದೈವಭಕ್ತ, ನ್ಯಾಯವಂತ ಎಂದು ಹೆಸರಾದವರು. ಮುಂದೆ ಎರಡನೇ ಪಿಯುಸ್ ಎಂಬ ಹೆಸರಿನಲ್ಲಿ ಜಗದ್ಗುರುಗಳಾದ ಇಟಲಿಯ ವಿದ್ವಾಂಸ ಎನೆಯ ಸಿಲ್ವಿಯೋ ಪಿಕ್ಕೊಲೊಮಿನಿ ಈ ಯಾಕೋಬರ ನ್ಯಾಯನಿಷ್ಠೆಯನ್ನು ಹೊಗಳಿ ಬರೆದಿದ್ದಾರೆ. ಮಕ್ಕಳು ಹಲವರು. ಹಿರಿಯ ಮಗ ಕಾರ್ಲ್. ಅವರ ನಂತರ ಬರ್ನಾರ್ಡ್. ಅನಂತರ ಜಾರ್ಜ್, ಜಾನ್, ಮಾರ್ಕ್. ಹೆಣ್ಣುಮಕ್ಕಳಲ್ಲಿ ಮಾರ್ಗರೆಟ್ ಬ್ರಾಂಡೆನ್‌ಬುರ್ಗ್ ರಾಜಮನೆತನಕ್ಕೆ ಸೊಸೆಯಾಗಿ ಹೋದರು. ಮೆಥಿಲ್ಡಾ ಕನ್ಯಾಮಠ ಸೇರಿದರು.

ಆಗಿನ ಜರ್ಮನಿಯಲ್ಲಿ ಇಷ್ಟು ಗಂಡುಮಕ್ಕಳಿರುವುದು ಭಾಗ್ಯವೂ ಹೌದು, ತಲೆನೋವೂ ಹೌದು. 1356ರಲ್ಲಿ ಚಕ್ರವರ್ತಿ ನಾಲ್ಕನೆಯ ಚಾರ್ಲ್ಸ್ ಹೊರಡಿಸಿದ ಸುವರ್ಣ ಶಾಸನವು, ಚಕ್ರವರ್ತಿಯನ್ನು ಆರಿಸುವ ಹಕ್ಕಿರುವ ಅರಸರ ಸೀಮೆಗಳನ್ನು ಮಾತ್ರ ಪಾಲು ಮಾಡಬಾರದೆಂದು ವಿಧಿಸಿತ್ತು. ಮಿಕ್ಕ ಮನೆತನಗಳಲ್ಲಿ ತಂದೆ ಸತ್ತರೆ ಮಕ್ಕಳು ನಾಡನ್ನು ಹರಿದು ಹಂಚಿಕೊಳ್ಳುವುದು ವಾಡಿಕೆ. ಎರಡು ಮೂರು ತಲೆಮಾರು ಕಳೆದರೆ ಒಂದು ರಾಜ್ಯ ಹತ್ತು ತುಂಡಾಗುತ್ತಿತ್ತು. ಇದನ್ನು ತಪ್ಪಿಸಲು ದೊಡ್ಡವರು ಒಂದು ಉಪಾಯ ಕಂಡುಕೊಂಡಿದ್ದರು: ಒಂದಿಬ್ಬರು ಮಕ್ಕಳಿಗೆ ನಾಡು, ಉಳಿದವರಿಗೆ ಧರ್ಮಸಭೆಯ ಅಧಿಕಾರ. ಬಾಡೆನ್ ಮನೆಯಲ್ಲಿಯೂ ಹಾಗೆಯೇ ನಡೆಯಿತು. ಜಾನ್ 1456ರಲ್ಲಿ, ಇಪ್ಪತ್ತೆರಡರ ಆಸುಪಾಸಿನ ವಯಸ್ಸಿನಲ್ಲಿ, ಟ್ರಿಯರ್ ಪಟ್ಟಣದ ಮಹಾಧರ್ಮಾಧ್ಯಕ್ಷರಾಗಿ ಆರಿಸಲ್ಪಟ್ಟರು. ಜಾರ್ಜ್ ಮುಂದೆ ಮೆಟ್ಸ್ ಪಟ್ಟಣದ ಧರ್ಮಾಧ್ಯಕ್ಷರಾದರು. ಮಾರ್ಕ್ ಕೂಡ ಪ್ರಧಾನಾಲಯದ ಹುದ್ದೆ ಹಿಡಿದರು. ದೇವಕರೆಯನ್ನು ಮನೆಯ ಆಸ್ತಿ ವಿಲೇವಾರಿಯ ಸಾಧನವಾಗಿ ಬಳಸಿದ ಈ ಪದ್ಧತಿ ಧರ್ಮಸಭೆಗೆ ಎಷ್ಟು ಕೇಡು ತಂದಿತು ಎಂಬುದನ್ನು ಮುಂದಿನ ಶತಮಾನದ ಚರಿತ್ರೆ ತೋರಿಸುತ್ತದೆ. ಟ್ರೆಂಟ್ ಮಹಾಸಭೆ ಸರಿಪಡಿಸಲು ಹೆಣಗಿದ್ದು ಇಂಥ ರೋಗಗಳನ್ನೇ. ಮಗ ಗುರುಮಠಕ್ಕೆ ಹೋದರೆ ಒಂದು ಪಾಲು ಉಳಿಯಿತೆಂದು ಲೆಕ್ಕ ಹಾಕುವ ಮನೆ ನಮ್ಮಲ್ಲಿಯೂ ಇದ್ದರೆ, ಅದು ಈ ಹಳೆಯ ರೋಗದ ಉಳಿಕೆಯೇ ಸರಿ.

ಸ್ವಾರಸ್ಯವೇನೆಂದರೆ ಈ ಅಣ್ಣತಮ್ಮಂದಿರಲ್ಲಿ ಧರ್ಮಾಧ್ಯಕ್ಷರ ದಂಡ ಹಿಡಿದವರ ಹೆಸರು ಇಂದು ಇತಿಹಾಸ ಓದುವವರಿಗೆ ಮಾತ್ರ ಗೊತ್ತು. ಪೀಠದ ಮೇಲೆ ಚಿತ್ರವಾಗಿ ನಿಂತವರು ಯಾಜಕಾಭಿಷೇಕವನ್ನೇ ಪಡೆಯದ, ಶ್ರೀಸಾಮಾನ್ಯ ಕ್ರೈಸ್ತರಾಗಿಯೇ ಉಳಿದ ಬರ್ನಾರ್ಡರು.

ಪಾಲಿಗೆ ಬಂದದ್ದು

ಬರ್ನಾರ್ಡರನ್ನು ಧರ್ಮಸಭೆಯ ಹುದ್ದೆಗೆಂದು ಮೀಸಲಿಡಲಿಲ್ಲ. ಅವರಿಗೆ ನಾಡಿನ ಒಂದು ಭಾಗವನ್ನು ಆಳುವ ಶಿಕ್ಷಣ ಕೊಡಲಾಯಿತು. ಕುದುರೆ ಸವಾರಿ, ಶಸ್ತ್ರಾಭ್ಯಾಸದ ಜೊತೆಗೆ ಅಕ್ಷರವಿದ್ಯೆಯೂ ನಡೆಯಿತು. ತಾಯಿಯ ಅಕ್ಕ ಇಸಾಬೆಲ್ಲಾ ಆಂಜೂ ಮನೆತನದ ರೆನೆ ಅರಸರ ಪತ್ನಿ. ಹೀಗಾಗಿ ದೊಡ್ಡಮ್ಮನ ಕಡೆಯಿಂದ ಫ್ರೆಂಚ್ ರಾಜಮನೆತನಗಳ ಸಂಬಂಧವೂ ಇತ್ತು. ಅಣ್ಣ ಕಾರ್ಲ್ 1447ರಲ್ಲಿ ಆಸ್ಟ್ರಿಯದ ಕ್ಯಾಥರಿನಳನ್ನು ಮದುವೆಯಾದರು. ಆಕೆಯ ಅಣ್ಣನೇ ಮೂರನೆಯ ಫ್ರೆಡರಿಕ್, 1452ರಲ್ಲಿ ರೋಮ್ ನಗರದಲ್ಲಿ ಚಕ್ರವರ್ತಿಯಾಗಿ ಕಿರೀಟ ಧರಿಸಿದವರು. ಅಂದರೆ ನಮ್ಮ ಬರ್ನಾರ್ಡರು ಚಕ್ರವರ್ತಿಯ ನಂಟರು. ಅವರಿಗೆ ಫ್ರಾನ್ಸಿನ ಅರಸ ಏಳನೆಯ ಚಾರ್ಲ್ಸನ ಕಿರಿಯ ಮಗಳು ಮ್ಯಾಗ್ಡಲೀನಳೊಡನೆ ವಿವಾಹ ನಿಶ್ಚಯದ ಮಾತು ನಡೆಯಿತೆಂದೂ ಅವರು ಆ ಸಂಬಂಧವನ್ನು ಬಿಟ್ಟುಕೊಟ್ಟರೆಂದೂ ಬಾಡೆನ್ ನಾಡಿನ ಪರಂಪರೆ ಹೇಳುತ್ತದೆ. ಕೈಗೆ ಬಂದ ಆದಾಯವನ್ನು ಅವರು ಮೂರು ಪಾಲು ಮಾಡುತ್ತಿದ್ದರು, ಒಂದು ಬಡವರಿಗೆ, ಒಂದು ದೇವಾಲಯಗಳಿಗೆ, ಒಂದು ಮಾತ್ರ ತಮ್ಮ ಖರ್ಚಿಗೆ ಎಂಬುದೂ ಅದೇ ಪರಂಪರೆಯ ಮಾತು.

1453ನೆಯ ವರ್ಷ ಎರಡು ಸಾವುಗಳನ್ನು ತಂದಿತು ಎನ್ನಬಹುದು. ಮೇ 29ರಂದು ಪೂರ್ವದ ಕ್ರೈಸ್ತ ಸಾಮ್ರಾಜ್ಯದ ರಾಜಧಾನಿ ಕಾನ್‌ಸ್ಟಾಂಟಿನೋಪಲ್ ತುರ್ಕಿಯ ಸುಲ್ತಾನ ಎರಡನೆಯ ಮೆಹಮದನ ಕೈವಶವಾಯಿತು. ಸಾವಿರ ವರ್ಷಕ್ಕೂ ಮೀರಿ ಬಾಳಿದ್ದ ಒಂದು ಸಾಮ್ರಾಜ್ಯ ಮುಗಿಯಿತು. ಅದೇ ಅಕ್ಟೋಬರಿನಲ್ಲಿ ತಂದೆ ಯಾಕೋಬ್ ತೀರಿಕೊಂಡರು. ಅವರ ಉಯಿಲಿನಂತೆ ನಾಡು ಭಾಗವಾಯಿತು. ಫೋರ್ಟ್ಸ್‌ಹೈಮ್, ಬೇಸಿಗ್‌ಹೈಮ್ ಮೊದಲಾದ ಊರುಗಳು ಬರ್ನಾರ್ಡರ ಪಾಲಿಗೆ ಬಂದವು.

ಪ್ರಿಯ ಓದುಗರೇ, ಇಲ್ಲಿ ಸ್ವಲ್ಪ ನಿಲ್ಲಿ. ಇಪ್ಪತ್ತೈದು ವರ್ಷದ ತರುಣ. ತಂದೆಯೇ ಬರೆದುಕೊಟ್ಟ ಪಾಲು. ಕೋಟೆ, ಊರು, ತೆರಿಗೆಯ ಆದಾಯ. ತಕರಾರು ಮಾಡುವವರು ಯಾರೂ ಇಲ್ಲ. ಇಂಥ ಹೊತ್ತಿನಲ್ಲಿ ಅವರು ಮಾಡಿದ್ದೇನು? ತಮ್ಮ ಪಾಲಿನ ಆಡಳಿತವನ್ನು ಹತ್ತು ವರ್ಷಗಳ ಮಟ್ಟಿಗೆ ಅಣ್ಣ ಕಾರ್ಲ್‌ಗೆ ಒಪ್ಪಿಸಿ ಚಕ್ರವರ್ತಿಯ ಸೇವೆಗೆ ಹೊರಟರು.

ಗಮನಿಸಬೇಕಾದ ಮಾತು ಒಂದಿದೆ. ಅವರು ಹಕ್ಕು ಬಿಟ್ಟುಕೊಡುವ ಪತ್ರ ಬರೆಯಲಿಲ್ಲ, ವಹಿಸಿಕೊಟ್ಟರು. ಅಣ್ಣನ ಮೇಲೆ ನಂಬಿಕೆಯಿಟ್ಟರು, ಅವಧಿ ಗೊತ್ತುಮಾಡಿದರು. ನಾಡು ಒಂದೇ ಕೈಯಲ್ಲಿ ಉಳಿಯಿತು, ತಮ್ಮನಿಗೆ ಕೈಬಿಡುವಾಯಿತು, ಜಗಳ ಹುಟ್ಟಲಿಲ್ಲ. ಇದರಲ್ಲಿ ದೈವಭಕ್ತಿ ಎಷ್ಟಿತ್ತೋ ವ್ಯವಹಾರಜ್ಞಾನವೂ ಅಷ್ಟೇ ಇತ್ತು. ಪುನೀತರ ಚರಿತ್ರೆ ಬರೆಯುವವರು ಎರಡನೆಯದನ್ನು ಮರೆಮಾಚುವುದುಂಟು. ಮರೆಮಾಚುವ ಅಗತ್ಯವಿಲ್ಲ.

ನಮ್ಮ ಮನೆಗಳ ಮಾತು

ನಮ್ಮ ಧರ್ಮಕೇಂದ್ರಗಳಲ್ಲಿ ಒಂದೇ ಬಲಿಪೂಜೆಗೆ ಬಂದು ಎರಡು ಬದಿಯಲ್ಲಿ ಕೂರುವ ಅಣ್ಣತಮ್ಮಂದಿರಿದ್ದಾರೆ. ಹತ್ತು ಸೆಂಟ್ಸ್ ಜಾಗ, ಒಂದು ಬಾವಿ, ತೋಟಕ್ಕೆ ಹೋಗುವ ಒಂದು ಕಾಲುದಾರಿ. ಇಷ್ಟಕ್ಕೆ ಇಪ್ಪತ್ತು ವರ್ಷ ಮಾತು ಬಿಟ್ಟವರು. ತಾಯಿಯ ಮರಣದ ದಿನ ಶವದ ಪಕ್ಕದಲ್ಲಿಯೂ ಮುಖ ನೋಡದವರು. ಇವರಿಗೆ ಬರ್ನಾರ್ಡರ ಕಥೆ ಹೇಳುವುದು ಸುಲಭ. ಆದರೆ ಯಾರಿಗೆ ಹೇಳುತ್ತೇವೆ ಎಂಬುದನ್ನು ನೋಡಿ ಹೇಳಬೇಕು.

ಏಕೆಂದರೆ ಈ ಕಥೆಯನ್ನು ಅಣ್ಣನಾದವನು ತಮ್ಮನ ಮುಂದೆ ಹಿಡಿದರೆ ಅದು ಉಪದೇಶವಾಗದೆ ಕಬಳಿಕೆಯಾಗುತ್ತದೆ. ತ್ಯಾಗವೆನ್ನುವುದು ಕೊಡುವವನ ಬಾಯಿಂದ ಬರಬೇಕೇ ಹೊರತು ಪಡೆಯುವವನ ಬಾಯಿಂದಲ್ಲ. ಇದಕ್ಕಿಂತಲೂ ನೋವಿನ ಸಂಗತಿ ಹೆಣ್ಣುಮಕ್ಕಳದ್ದು. ನಮ್ಮ ದೇಶದ ಕ್ರೈಸ್ತರಿಗೆ ಸಾಮಾನ್ಯವಾಗಿ ಅನ್ವಯಿಸುವ 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯ ಪ್ರಕಾರ, ಉಯಿಲು ಬರೆಯದೆ ತಂದೆ ತೀರಿಕೊಂಡರೆ ಮೂರರಲ್ಲಿ ಒಂದು ಪಾಲು ತಾಯಿಗೆ. ಉಳಿದ ಎರಡು ಪಾಲು ಗಂಡು ಹೆಣ್ಣು ಎಂಬ ಭೇದವಿಲ್ಲದೆ ಮಕ್ಕಳೆಲ್ಲರಿಗೂ ಸಮನಾಗಿ. ಹೀಗಿದ್ದರೂ ಮದುವೆಗೆ ಖರ್ಚು ಮಾಡಿದ್ದೇವೆ, ಚಿನ್ನ ಹಾಕಿದ್ದೇವೆ, ಇಲ್ಲಿ ಒಂದು ಸಹಿ ಹಾಕು ಎಂದು ಅಕ್ಕತಂಗಿಯರಿಂದ ಹಕ್ಕು ಬಿಡುಗಡೆ ಪತ್ರ ಬರೆಸಿಕೊಳ್ಳುವ ಮನೆಗಳು ಎಷ್ಟಿಲ್ಲ? ತವರಿನ ಬಾಗಿಲು ಮುಚ್ಚಿಹೋದೀತೆಂಬ ಭಯದಿಂದ ಹಾಕಿದ ಸಹಿಯನ್ನು ದೇವರು ದಾನವೆಂದು ಎಣಿಸುತ್ತಾರೆಯೇ? ಬಾಡೆನ್ ಕೋಟೆಯಲ್ಲಿ ಮಾರ್ಗರೆಟ್ ಮತ್ತು ಮೆಥಿಲ್ಡಾ ಅವರನ್ನು ನಾಡಿನ ಪಾಲಿಗೆ ಯಾರೂ ಎಣಿಸಲಿಲ್ಲ. ಅದು ಹದಿನೈದನೆಯ ಶತಮಾನ. ನಾವು ಆ ಶತಮಾನದಲ್ಲಿ ಉಳಿಯಬೇಕಾಗಿಲ್ಲ.

ಆದಿಕಾಂಡದ ಹದಿಮೂರನೆಯ ಅಧ್ಯಾಯವನ್ನು ಮನೆಯಲ್ಲಿ ಒಮ್ಮೆ ಓದಿ ನೋಡಿ. ಅಬ್ರಹಾಮನ ಮತ್ತು ಲೋಟನ ದನಗಾಹಿಗಳಿಗೆ ಜಗಳವಾದಾಗ ಯಾವ ದಿಕ್ಕು ಬೇಕೆಂದು ಆರಿಸುವ ಅವಕಾಶವನ್ನು ಹಿರಿಯವನಾದ ಅಬ್ರಹಾಮನೇ ಕಿರಿಯವನಿಗೆ ಬಿಟ್ಟುಕೊಟ್ಟ. ಲೋಟ ನೀರಾವರಿ ಭೂಮಿಯನ್ನೇ ಆರಿಸಿಕೊಂಡ. ಅಬ್ರಹಾಮ ಅದಕ್ಕೂ ಸೈ ಎಂದ. ಬಿಟ್ಟುಕೊಡುವ ಸರದಿ ಯಾವಾಗಲೂ ಕಿರಿಯರದ್ದೇ ಎಂದು ಬೈಬಲ್ ಹೇಳುವುದಿಲ್ಲ.

ದಾರಿ ಮತ್ತು ಮರಣ

ಚಕ್ರವರ್ತಿ ಬರ್ನಾರ್ಡರಿಗೆ ವಹಿಸಿದ ಕೆಲಸ ಈಗಿನ ನಮ್ಮ ಕಿವಿಗೆ ಇರುಸುಮುರುಸಾಗುವಂಥದು. ಯೂರೋಪಿನ ಅರಸರನ್ನು ಒಂದುಗೂಡಿಸಿ ತುರ್ಕರ ಮೇಲೆ ಹೊಸ ಶಿಲುಬೆಯುದ್ಧ ಹೂಡುವ ಸಿದ್ಧತೆ ಅದು. ಕಾನ್‌ಸ್ಟಾಂಟಿನೋಪಲ್ ಬಿದ್ದ ಮೇಲೆ ರೆಗೆನ್ಸ್‌ಬುರ್ಗ್, ಫ್ರಾಂಕ್‌ಫರ್ಟ್, ವೀನರ್ ನಾಯ್‌ಸ್ಟಾಟ್ ಪಟ್ಟಣಗಳಲ್ಲಿ ಸಭೆಗಳು ಸೇರಿದವು, ಭಾಷಣಗಳಾದವು. ಭಾಷಣ ಮಾಡಿದವರಲ್ಲಿ ನಾವು ಆಗಲೇ ಹೆಸರಿಸಿದ ಎನೆಯ ಸಿಲ್ವಿಯೋ ಮುಖ್ಯರು. ಅರಸರು ತಲೆದೂಗಿದರು, ಹಣ ಬಿಚ್ಚಲಿಲ್ಲ. 1456ರಲ್ಲಿ ಬೆಲ್‌ಗ್ರೇಡ್ ಕೋಟೆಗೆ ಮುತ್ತಿಗೆ ಬಿದ್ದಾಗ ಜಗದ್ಗುರು ಮೂರನೇ ಕಲ್ಲಿಸ್ತುಸ್ ಅವರು ಮಧ್ಯಾಹ್ನ ದೇವಾಲಯಗಳ ಗಂಟೆ ಬಾರಿಸಿ ಪ್ರಾರ್ಥಿಸಲು ಆಜ್ಞೆ ಮಾಡಿದರು. ನಮ್ಮ ಗುಡಿಗಳಲ್ಲಿ ತ್ರಿಕಾಲ ಪ್ರಾರ್ಥನೆಗೆ ನಡುಹಗಲು ಕೇಳಿಬರುವ ಗಂಟೆಗೆ ಹೀಗೂ ಒಂದು ಚರಿತ್ರೆಯಿದೆ.

ಅಂದಿನವರಿಗೆ ಇದು ಕ್ರೈಸ್ತ ಜನರ ರಕ್ಷಣೆಯ ಪ್ರಶ್ನೆಯಾಗಿತ್ತು. ಬರ್ನಾರ್ಡರು ಅದನ್ನು ಹಾಗೆಯೇ ನಂಬಿ ಹೊರಟರು. ನಾವು ಅವರನ್ನು ಗೌರವಿಸುವುದು ಆ ನಂಬಿಕೆಯ ಪ್ರಾಮಾಣಿಕತೆಗಾಗಿ, ಯುದ್ಧದ ಯೋಜನೆಗಾಗಿ ಅಲ್ಲ. ಅದೇ 1453ರಲ್ಲಿಯೇ ಮೊಸೆಲ್ ನದಿಯ ದೋಣಿಕಾರನೊಬ್ಬನ ಮಗ, ಜರ್ಮನಿಯವರೇ ಆದ ಕಾರ್ಡಿನಲ್ ನಿಕೋಲಸ್ ಕುಸಾನುಸ್, ಬೇರೆ ಬೇರೆ ಧರ್ಮಗಳವರು ದೇವರ ಸನ್ನಿಧಿಯಲ್ಲಿ ಕೂತು ಮಾತಾಡಿ ಶಾಂತಿಗೆ ಬರುವ ಕಲ್ಪನೆಯ ಒಂದು ಗ್ರಂಥ ಬರೆದರು. ಒಂದೇ ಸುದ್ದಿ ಕೇಳಿ ಒಂದೇ ನಾಡಿನ ಇಬ್ಬರು ಭಕ್ತರು ಎರಡು ದಾರಿ ಹಿಡಿದರು. ಧರ್ಮಸಭೆ ಕೊನೆಗೆ ಯಾವ ದಾರಿಗೆ ಬಂತೆಂಬುದು ನಮಗೆ ಗೊತ್ತಿದೆ: 1965ರಲ್ಲಿ ಎರಡನೇ ವ್ಯಾಟಿಕನ್ ಮಹಾಸಭೆ ಮುಸ್ಲಿಮರನ್ನು ಗೌರವದಿಂದ ಕಾಣುವುದಾಗಿ ಸಾರಿತು. 2000ದ ಜೂಬಿಲಿ ವರ್ಷದ ಮಾರ್ಚ್ 12ರಂದು ಜಗದ್ಗುರು ಎರಡನೇ ಜಾನ್ ಪೌಲರು, ಸತ್ಯದ ಸೇವೆಯ ಹೆಸರಿನಲ್ಲಿ ಧರ್ಮಸಭೆಯ ಮಕ್ಕಳು ಮಾಡಿದ ಹಿಂಸೆಗಾಗಿ ದೇವರ ಕ್ಷಮೆ ಬೇಡಿದರು. ಪುನೀತರನ್ನು ಗೌರವಿಸುವುದೆಂದರೆ ಅವರ ಕಾಲದ ಎಲ್ಲವನ್ನೂ ತಲೆಯ ಮೇಲೆ ಹೊರುವುದೆಂದಲ್ಲ.

ಅರಸರ ಆಸ್ಥಾನಗಳನ್ನು ಸುತ್ತುತ್ತ ಬರ್ನಾರ್ಡರು 1458ರ ಬೇಸಿಗೆಯಲ್ಲಿ ಇಟಲಿಯ ಉತ್ತರಕ್ಕೆ ಬಂದಿದ್ದರು. ಅಲ್ಲಿ ಪ್ಲೇಗು ಹಬ್ಬಿತ್ತು. ನೂರು ವರ್ಷದ ಹಿಂದೆ, 1347ರಿಂದೀಚೆಗೆ, ಯೂರೋಪಿನ ಜನಸಂಖ್ಯೆಯಲ್ಲಿ ಸುಮಾರು ಮೂರರಲ್ಲೊಂದು ಭಾಗವನ್ನು ನುಂಗಿದ ಅದೇ ವ್ಯಾಧಿ ಮತ್ತೆ ಮತ್ತೆ ತಲೆಯೆತ್ತುತ್ತಿತ್ತು. ಇಲಿಗಳ ಮೈಮೇಲಿನ ಚಿಗಟದಿಂದ ಹರಡುವ ರೋಗಾಣು ಅದಕ್ಕೆ ಕಾರಣವೆಂದು ತಿಳಿಯಲು ಹತ್ತೊಂಬತ್ತನೆಯ ಶತಮಾನದ ಕೊನೆಯವರೆಗೆ ಕಾಯಬೇಕಾಯಿತು. ಆಗ ನಮ್ಮ ಬೆಂಗಳೂರಿಗೂ ಅದು ಬಂದಿತ್ತು, 1898ರಲ್ಲಿ. ಸಂತ ಸೆಬಾಸ್ಟಿಯನ್ನರಲ್ಲಿ ನಮ್ಮ ಹಿರಿಯರು ಮೊರೆಯಿಟ್ಟದ್ದು ಇಂಥ ಮಾರಿಗಳ ಕಾಲದಲ್ಲೇ.

ಟುರಿನ್ ನಗರದ ಹತ್ತಿರ, ಪೋ ನದಿಯ ದಡದಲ್ಲಿ ಮೊಂಕಲಿಯೇರಿ ಎಂಬ ಊರಿದೆ. ರೋಗ ತಗುಲಿದ ಬರ್ನಾರ್ಡರು ಅಲ್ಲಿಯ ಫ್ರಾನ್ಸಿಸ್ಕನ್ ಮಠದಲ್ಲಿ 1458ರ ಜುಲೈ 15ರಂದು ಪ್ರಾಣಬಿಟ್ಟರು. ಹತ್ತು ವರ್ಷಕ್ಕೆಂದು ಅಣ್ಣನಿಗೆ ಒಪ್ಪಿಸಿದ ಅವಧಿಯಲ್ಲಿ ಅರ್ಧವೂ ಕಳೆದಿರಲಿಲ್ಲ. ಅವರನ್ನು ಅದೇ ಊರಿನ ಸಾಂತಾ ಮರಿಯಾ ದೆಲ್ಲಾ ಸ್ಕಾಲಾ ದೇವಾಲಯದಲ್ಲಿ ಸಮಾಧಿ ಮಾಡಿದರು. ಪ್ಲೇಗಿನಿಂದ ಸತ್ತ ಪರದೇಶಿ. ಅಂಥವರನ್ನು ಊರವರು ಬೇಗ ಮರೆಯುವುದು ಸಹಜ. ಆದರೆ ಮೊಂಕಲಿಯೇರಿಯ ಜನ ಮರೆಯಲಿಲ್ಲ. ಸಮಾಧಿಯ ಬಳಿ ಪ್ರಾರ್ಥಿಸಿದವರಿಗೆ ಗುಣವಾಯಿತೆಂಬ ಸುದ್ದಿ ಹಬ್ಬಿತು, ಭಕ್ತಿ ಬೆಳೆಯಿತು. ಇಂದಿಗೂ ಆ ಇಟಾಲಿಯನ್ ಊರಿಗೆ ಈ ಜರ್ಮನ್ ತರುಣನೇ ಪಾಲಕ.

ನಮ್ಮ ಓದುಗರಿಗೆ ಇಲ್ಲಿ ಸಂತ ಅಲೋಶಿಯಸ್ ಗೊನ್ಸಾಗರ ನೆನಪು ಬರದಿರದು. ಮಂಗಳೂರಿನ ಸಂತ ಅಲೋಶಿಯಸ್ ಕಾಲೇಜಿನ ಪ್ರಾರ್ಥನಾಲಯದ ಗೋಡೆಯ ಮೇಲೆ ಆಂತೋನಿಯೋ ಮೊಸ್ಕೇನಿಯವರು ಬರೆದ ಚಿತ್ರಗಳಲ್ಲಿ ಅವರ ಬಾಳನ್ನು ನೀವು ನೋಡಿರಬಹುದು. ಅವರೂ ಅರಸುಮಗ, ಅವರೂ ಹಕ್ಕನ್ನು ಸಹೋದರನಿಗೆ ಬಿಟ್ಟವರು, 1591ರಲ್ಲಿ ರೋಮಿನಲ್ಲಿ ಪ್ಲೇಗು ರೋಗಿಗಳ ಸೇವೆ ಮಾಡುತ್ತ ಇಪ್ಪತ್ತಮೂರರಲ್ಲೇ ತೀರಿಕೊಂಡವರು. ಆದರೆ ಅಲೋಶಿಯಸರು ಹಿರಿಯ ಮಗ, ಯೇಸುಸಭೆ ಸೇರಿದವರು. ಅವರ ಬಾಳಿಗೆ ಒಂದು ಸ್ಪಷ್ಟ ಆಕಾರವಿದೆ. ಬರ್ನಾರ್ಡರ ಬಾಳಿಗೆ ಅಂಥ ಆಕಾರವಿಲ್ಲ. ಅವರು ಯಾಜಕರಲ್ಲ, ಮಠವಾಸಿಯಲ್ಲ, ಹುತಾತ್ಮರಲ್ಲ. ಮದುವೆಯಾಗಲಿಲ್ಲ, ನಾಡನ್ನು ಆಳಲಿಲ್ಲ, ಹೋದ ಕೆಲಸ ಕೈಗೂಡಲಿಲ್ಲ. ಅವರು ಸತ್ತ ತಿಂಗಳೊಪ್ಪತ್ತಿನಲ್ಲಿ ಜಗದ್ಗುರು ಕಲ್ಲಿಸ್ತುಸ್ ತೀರಿಕೊಂಡರು. ಎನೆಯ ಸಿಲ್ವಿಯೋ ಜಗದ್ಗುರುವಾಗಿ 1459ರಲ್ಲಿ ಮಾಂಟುವಾದಲ್ಲಿ ಅರಸರನ್ನು ಕರೆದರು, 1464ರಲ್ಲಿ ಹಡಗುಗಳಿಗಾಗಿ ಕಾಯುತ್ತ ಅಂಕೋನಾ ಬಂದರಿನಲ್ಲಿ ಕಣ್ಣುಮುಚ್ಚಿದರು. ಆ ಯುದ್ಧ ನಡೆಯಲೇ ಇಲ್ಲ.

ಚಿಕ್ಕ ವಯಸ್ಸಿನ ಮಗನನ್ನೋ ಮಗಳನ್ನೋ ಕಳೆದುಕೊಂಡ ತಂದೆತಾಯಿಗಳು ಈ ಪುಟವನ್ನು ಓದುತ್ತಿರಬಹುದು. ಓದು ಮುಗಿದಿತ್ತು, ಕೆಲಸ ಸಿಗುವುದರಲ್ಲಿತ್ತು, ಮದುವೆಯ ಮಾತು ನಡೆದಿತ್ತು, ಎಲ್ಲ ಅರ್ಧಕ್ಕೆ ನಿಂತಿತು ಎನ್ನುವ ದುಃಖ ಅವರದು. ಆ ದುಃಖಕ್ಕೆ ಸಮಾಧಾನದ ಮಾತು ಸುಲಭವಾಗಿ ಹೇಳಬಾರದು. ಧರ್ಮಸಭೆ ಬರ್ನಾರ್ಡರನ್ನು ಪೀಠಕ್ಕೇರಿಸಿದಾಗ ಅವರು ಮುಗಿಸಿದ ಕೆಲಸಗಳ ಪಟ್ಟಿ ಕೇಳಲಿಲ್ಲ ಎಂಬಷ್ಟನ್ನು ಮಾತ್ರ ಹೇಳಬಹುದು. ಪಟ್ಟಿ ಮಾಡಲು ಹೊರಟರೆ ಒಂದು ಸಾಲೂ ತುಂಬುತ್ತಿರಲಿಲ್ಲ.

ಆಮೇಲೆ ಬಾಡೆನ್‌ನಲ್ಲಿ

ತಮ್ಮನ ಪಾಲು ಏನಾಯಿತೆಂದು ನೀವು ಕೇಳಬಹುದು. ಅದು ಅಣ್ಣನಲ್ಲಿಯೇ ಉಳಿಯಿತು, ಆದರೆ ಪೂರ್ತಿ ಉಳಿಯಲಿಲ್ಲ. ಮೈನ್ಸ್ ಪಟ್ಟಣದ ಮಹಾಧರ್ಮಾಧ್ಯಕ್ಷ ಪೀಠಕ್ಕೆ ಇಬ್ಬರು ಹಕ್ಕು ಸಾಧಿಸಿ ಯುದ್ಧಕ್ಕಿಳಿದರು. ಒಬ್ಬರ ಪರವಾಗಿ ಕಾರ್ಲ್ ಸೈನ್ಯ ಕಟ್ಟಿ ಹೋದರು. 1462ರ ಜೂನ್ 30ರಂದು ಸೆಕೆನ್‌ಹೈಮ್ ಎಂಬಲ್ಲಿ ಸೋತು ಸೆರೆಯಾದರು. ಅವರ ಜೊತೆ ಸೆರೆಯಾದವರಲ್ಲಿ ಅವರ ತಮ್ಮ, ಮೆಟ್ಸ್ ಧರ್ಮಾಧ್ಯಕ್ಷ ಜಾರ್ಜ್ ಕೂಡ ಇದ್ದರು. ಧರ್ಮಾಧ್ಯಕ್ಷರು ಕವಚ ತೊಟ್ಟು ರಣರಂಗಕ್ಕೆ ಇಳಿಯುತ್ತಿದ್ದ ಕಾಲವದು! ಗೆದ್ದ ಅರಸ ಹೈಡಲ್‌ಬರ್ಗ್ ಕೋಟೆಯಲ್ಲಿ ಸೆರೆಯಾಳುಗಳಿಗೆ ಭರ್ಜರಿ ಔತಣ ಮಾಡಿಸಿ, ರೊಟ್ಟಿಯನ್ನು ಮಾತ್ರ ಬಡಿಸದೆ, ನೀವು ಸುಟ್ಟ ಹೊಲಗಳಲ್ಲಿ ಗೋಧಿ ಎಲ್ಲಿಂದ ಬರಬೇಕು ಎಂಬರ್ಥದಲ್ಲಿ ಚುಚ್ಚಿದನೆಂದು ಐತಿಹ್ಯವಿದೆ. ಬಿಡುಗಡೆಗಾಗಿ ಕಾರ್ಲ್ ಭಾರೀ ಹಣ ತೆರಬೇಕಾಯಿತು, ಊರುಗಳನ್ನೂ ಬಿಟ್ಟುಕೊಡಬೇಕಾಯಿತು. ಹಾಗೆ 1463ರಲ್ಲಿ ಕೈಬಿಟ್ಟ ಊರುಗಳಲ್ಲಿ ಬೇಸಿಗ್‌ಹೈಮ್ ಒಂದು. ಬರ್ನಾರ್ಡರು ನಂಬಿ ಒಪ್ಪಿಸಿ ಹೋಗಿದ್ದ ಪಾಲಿನ ಒಂದು ತುಂಡು.

ಮುಂದೆ ಕಾರ್ಲ್‌ರ ಮೊಮ್ಮಕ್ಕಳ ಕಾಲಕ್ಕೆ ನಾಡು ಒಡೆಯಿತು. 1535ರಲ್ಲಿ ಬರ್ನಾರ್ಡ್ ಮತ್ತು ಎರ್ನ್‌ಸ್ಟ್ ಎಂಬ ಅಣ್ಣತಮ್ಮಂದಿರು ಬಾಡೆನ್ ನಾಡನ್ನು ಎರಡು ಭಾಗ ಮಾಡಿಕೊಂಡರು: ಬಾಡೆನ್-ಬಾಡೆನ್ ಒಂದು, ಬಾಡೆನ್-ಡುರ್ಲಾಖ್ ಇನ್ನೊಂದು. ನೆಲದ ಒಡಕು ಕಾಲಕ್ರಮದಲ್ಲಿ ವಿಶ್ವಾಸದ ಒಡಕೂ ಆಯಿತು. ಒಂದು ಮನೆ ಕಥೋಲಿಕ, ಇನ್ನೊಂದು ಪ್ರೊಟೆಸ್ಟಂಟ್. ಎರಡು ಶತಮಾನಗಳ ಕಾಲ ದಾಯಾದಿಗಳು ಬೇರೆ ಬೇರೆ ಪೀಠಗಳ ಮುಂದೆ ಮೊಣಕಾಲೂರಿದರು.

ಕಥೋಲಿಕ ಶಾಖೆಯ ಕೊನೆಯ ಅರಸ ಆಗಸ್ಟ್ ಜಾರ್ಜ್. ಅವರೂ ಕಿರಿಯ ಮಗನೇ; ಅಣ್ಣ ಗಂಡುಸಂತಾನವಿಲ್ಲದೆ 1761ರಲ್ಲಿ ತೀರಿಕೊಂಡಾಗ ಪಟ್ಟಕ್ಕೆ ಬಂದವರು. ಅವರಿಗೂ ಮಕ್ಕಳಿರಲಿಲ್ಲ. ತಮ್ಮ ನಂತರ ನಾಡು ಪ್ರೊಟೆಸ್ಟಂಟ್ ದಾಯಾದಿಗಳಿಗೆ ಸೇರುವುದೆಂದು ಅವರಿಗೆ ತಿಳಿದಿತ್ತು. ಅಂಥ ಹೊತ್ತಿನಲ್ಲಿ ಅವರು ರೋಮಿಗೆ ಬೇಡಿಕೆ ಸಲ್ಲಿಸಿದರು. 1769ರಲ್ಲಿ ಜಗದ್ಗುರು ಹದಿನಾಲ್ಕನೇ ಕ್ಲೆಮೆಂಟರು ಬರ್ನಾರ್ಡರ ಪುನೀತ ಪದವಿಯನ್ನು ಸಾರಿದರು. ಎರಡು ವರ್ಷದ ಮೇಲೆ, 1771ರಲ್ಲಿ, ಆಗಸ್ಟ್ ಜಾರ್ಜ್ ತೀರಿಕೊಂಡರು. ಒಡೆದ ಎರಡು ಬಾಡೆನ್‌ಗಳು 236 ವರ್ಷಗಳ ನಂತರ ಒಂದಾದವು. ಪ್ರೊಟೆಸ್ಟಂಟ್ ಅರಸರು ಆಳಿದ ರಾಜಧಾನಿ ಕಾರ್ಲ್ಸ್‌ರೂಹೆಯಲ್ಲಿ 1901ರಲ್ಲಿ ಪೂರ್ಣಗೊಂಡ ಎತ್ತರದ ಗೋಪುರದ ಕಥೋಲಿಕ ದೇವಾಲಯಕ್ಕೆ ಇದೇ ಬರ್ನಾರ್ಡರ ಹೆಸರಿದೆ. ಮನೆತನದ ಎರಡು ಶಾಖೆಗಳೂ ತಮ್ಮವನೆಂದು ಹೇಳಿಕೊಳ್ಳಬಹುದಾಗಿದ್ದ ಹಿರಿಯನಾದರು, ಬಹಳ ಹಿಂದೆ ಚಿಕ್ಕ ವಯಸ್ಸಿನಲ್ಲೇ ಹೋದ ಆ ತಮ್ಮ.

ಅವರ ಚಿತ್ರವನ್ನು ಗುರುತಿಸುವುದು ಕಷ್ಟವಲ್ಲ. ಕವಚ ತೊಟ್ಟ ತರುಣ ಯೋಧ, ಕೈಯಲ್ಲಿ ಬಾವುಟ, ಬದಿಯಲ್ಲಿ ಬಾಡೆನ್‌ನ ಗುರಾಣಿ: ಬಂಗಾರದ ಬಣ್ಣದ ಮೇಲೆ ಓರೆಯಾಗಿ ಒಂದು ಕೆಂಪು ಪಟ್ಟಿ. ಫ್ರೈಬುರ್ಗ್ ಮಹಾಧರ್ಮಕ್ಷೇತ್ರಕ್ಕೆ ಅವರು ಸಂತ ಕೊನ್ರಾಡರ ಜೊತೆ ಎರಡನೆಯ ಪಾಲಕರು. ಅವರನ್ನು ಸಂತರ ಸಾಲಿಗೆ ಸೇರಿಸುವ ಪ್ರಕ್ರಿಯೆಯನ್ನು ಆ ಧರ್ಮಕ್ಷೇತ್ರ ಮತ್ತೆ ಕೈಗೆತ್ತಿಕೊಂಡಿತು. 2017ರ ನವೆಂಬರಿನಲ್ಲಿ ಜಗದ್ಗುರು ಫ್ರಾನ್ಸಿಸರು ಅವರ ಸದ್ಗುಣಗಳು ವೀರೋಚಿತವೆಂದು ಅಂಗೀಕರಿಸಿದರು. ಸಾಮಾನ್ಯವಾಗಿ ಈ ಅಂಗೀಕಾರ ಪುನೀತ ಪದವಿಗೆ ಮೊದಲೇ ಆಗಬೇಕಾದದ್ದು. ಹಳೆಯ ಕಾಲದಲ್ಲಿ ಜನರ ಬಹುಕಾಲದ ಭಕ್ತಿಯನ್ನು ಮಾನ್ಯಮಾಡಿ ಪದವಿ ಕೊಡುತ್ತಿದ್ದುದರಿಂದ ಇವರ ವಿಷಯದಲ್ಲಿ ಹಿಂದುಮುಂದಾಯಿತು. ಅದೇ ದಿನದ ಆಜ್ಞೆಯಲ್ಲಿ ಜಗದ್ಗುರು ಮೊದಲನೇ ಜಾನ್ ಪೌಲರ ಹೆಸರೂ ಇತ್ತು. ಮೂವತ್ತಮೂರು ದಿನ ಮಾತ್ರ ಪೀಠದಲ್ಲಿದ್ದವರು ಅವರು.

ನಮ್ಮಲ್ಲಿ ಬರ್ನಾರ್ಡ್ ಎಂದು ಹೆಸರಿರುವವರು ಬಹಳ. ಹೆಚ್ಚಿನವರ ಪಾಲಕ ಕ್ಲೇರ್ವೋ ಮಠದ ಸಂತ ಬರ್ನಾರ್ಡರು. ಅವರ ಹಬ್ಬ ಆಗಸ್ಟ್ 20ಕ್ಕೆ. ಬಾಡೆನ್‌ನ ಪುನೀತರ ದಿನ ಜುಲೈ 15. ಅಂದು ನಮ್ಮ ಪೂಜಾಪಂಚಾಂಗದಲ್ಲಿ ಫ್ರಾನ್ಸಿಸ್ಕನ್ ಸಭೆಯವರೇ ಆದ ಸಂತ ಬೊನವೆಂತೂರರ ಸ್ಮರಣೆ ಇರುವುದರಿಂದ ಗುಡಿಯಲ್ಲಿ ಇವರ ಹೆಸರು ಕೇಳಿಬರುವುದಿಲ್ಲ. ಮನೆಯ ಸಂಜೆಯ ಜಪಸರದಲ್ಲಿ ನೆನೆಯಲು ಅಡ್ಡಿಯೇನಿಲ್ಲ.